‘ಆರನೆಯ ಇಂದ್ರಿಯ’ ಲೇಖನ ಕಳುಹಿಸಿದ ಕಾರವಾರದ ಮಿತ್ರರಿಗೆ

ಆತ್ಮೀಯರೇ, ನಮಸ್ಕಾರ.

ನಿಮ್ಮ ‘ಆರನೆಯ ಇಂದ್ರಿಯ’ ಲೇಖನ ಕೈಸೇರಿ ಮೂರು ವಾರಗಳಾದವು. ಅಡಿಕೆ ಕೊಯ್ಲಿನ ದಿನಗಳಲ್ಲಿ ಶಿರಸಿಯ ಕಡೆ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲವೆಂಬುದು ಕರಾವಳಿಯವರಾದ ನಿಮಗೂ ತಿಳಿದಿರಬಹುದು. ಆದರೆ ಉತ್ತರ ತಡವಾಗಲು ಅದೊಂದೇ ಕಾರಣವಲ್ಲ. ಮೊದಲ ಸಲ ಓದಿದಾಗ ಹಿಂದಿರುಗಿಸಬೇಕೆಂದೂ ಎರಡನೆಯ ಸಲ ಓದಿದಾಗ ಉಳಿಸಿಕೊಳ್ಳಬೇಕೆಂದೂ ಅನ್ನಿಸಿದ್ದರಿಂದ, ಈ ಎರಡರ ನಡುವೆ ಏನಿದೆ ಎಂದು ಹುಡುಕುವುದಕ್ಕೆ ಸಮಯ ಹಿಡಿಯಿತು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗುವುದಿಲ್ಲ. ಏಕೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ಹದಿನೆಂಟು ಪುಟಗಳ ಲೇಖನದ ಮೊದಲರ್ಧದಲ್ಲಿ ಮನುಷ್ಯನಿಗೆ ಐದಕ್ಕಿಂತ ಹೆಚ್ಚು ಇಂದ್ರಿಯಗಳಿವೆ ಎಂದು ಹೇಳುತ್ತೀರಿ. ಉಳಿದರ್ಧದಲ್ಲಿ ಬೆರಳಿಗೆ ಅಯಸ್ಕಾಂತ, ತೋಳಿಗೆ ಚಿಪ್, ತಲೆಬುರುಡೆಗೆ ಆಂಟೆನಾ ಹಾಕಿಸಿಕೊಂಡ ಹೊರದೇಶದವರನ್ನು ವರ್ಣಿಸಿ, ಇನ್ನು ಮುಂದೆ ಇಂದ್ರಿಯಗಳನ್ನು ಅಂಗಡಿಯಿಂದ ಕೊಂಡು ತರಬಹುದು ಎನ್ನುತ್ತೀರಿ. ನಡುವೆ, ಹನ್ನೊಂದನೆಯ ಪುಟದಲ್ಲಿ, ನಿಮ್ಮ ಚಿಕ್ಕಪ್ಪನ ಕುರಿತು ಆರೇ ಸಾಲು ಬಂದು ಹೋಗುತ್ತವೆ. ಕೊನೆಯಲ್ಲಿ ನೀವೂ ಉಂಗುರ ಬೆರಳಿಗೆ ಅಯಸ್ಕಾಂತ ಸೇರಿಸಿಕೊಳ್ಳಲಿರುವುದಾಗಿ ತಿಳಿಸಿ, ಓದುಗರನ್ನೂ ಕರೆಯುತ್ತೀರಿ.

ಲೇಖನದ ಮೂಲ ತೊಡಕು ‘ಇಂದ್ರಿಯ’ ಎಂಬ ಶಬ್ದದಲ್ಲಿಯೇ ಇದೆ. ಒಂದು ಕಡೆ ಅದು ದೇಹದೊಳಗೆ ಹುಟ್ಟಿನಿಂದಲೇ ಇರುವ ಅಂಗ. ಇನ್ನೊಂದು ಕಡೆ ಯಂತ್ರವೊಂದು ಹಿಡಿದ ಸಂಕೇತ. ಮತ್ತೊಂದು ಕಡೆ, ಊರಿನಲ್ಲಿ ಯಾರೋ ಸತ್ತರೆಂಬುದು ನಿಮ್ಮ ಅಜ್ಜಿಗೆ ಮುಂಚೆಯೇ ಹೊಳೆದಿತ್ತೆಂಬ ಮಾತು. ಮೂರನೆಯದನ್ನು ದಯವಿಟ್ಟು ತೆಗೆದುಹಾಕಿ. ಅದಕ್ಕೂ ಶರೀರಶಾಸ್ತ್ರಕ್ಕೂ ಸಂಬಂಧವಿಲ್ಲ. ಸಾಂಖ್ಯ ದರ್ಶನದವರು ಹನ್ನೊಂದು ಇಂದ್ರಿಯಗಳನ್ನು ಹೇಳಿದ್ದರಿಂದ ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಎಂಬ ಸಾಲೂ ನಿಲ್ಲುವುದಿಲ್ಲ. ಅವರ ಎಣಿಕೆಯಲ್ಲಿ ಐದು ಜ್ಞಾನೇಂದ್ರಿಯ, ಕೈಕಾಲು ಮಾತು ಮೊದಲಾದ ಐದು ಕರ್ಮೇಂದ್ರಿಯ, ಮೇಲೊಂದು ಮನಸ್ಸು. ಅದರ ಲೆಕ್ಕಾಚಾರವೇ ಬೇರೆ.

ಮೊದಲ ಎರಡು ಅರ್ಥಗಳನ್ನು ಬೇರ್ಪಡಿಸಿದರೆ ಮಾತ್ರ ನಿಮ್ಮ ಅಯಸ್ಕಾಂತದ ಪ್ರಕರಣ ಅರ್ಥವಾಗುತ್ತದೆ. ಬೆರಳ ತುದಿಯ ಚರ್ಮದಡಿಯಲ್ಲಿ ಕೂರಿಸಿದ ನಿಯೋಡಿಮಿಯಂ ಅಯಸ್ಕಾಂತದ ಚೂರು, ನಮ್ಮ ದೇಶದ ವಿದ್ಯುತ್ತಿನಂತೆ ಸೆಕೆಂಡಿಗೆ 50 ಆವರ್ತನಗಳ ಪ್ರವಾಹ ಹರಿಯುವ ಮೋಟಾರಿನ ಹತ್ತಿರ ಹೋದಾಗ ಅದೇ ಲಯದಲ್ಲಿ ಅದುರುತ್ತದೆ. ಆ ಅದುರಾಟವನ್ನು ಹಿಡಿಯುವುದು ಅಲ್ಲಿ ಮೊದಲಿನಿಂದಲೇ ಇದ್ದ ಸ್ಪರ್ಶದ ಸಂವೇದಕಗಳು. ಆದ್ದರಿಂದ ‘ಅವನಿಗೆ ಕಾಂತಕ್ಷೇತ್ರದ ಇಂದ್ರಿಯ ಹುಟ್ಟಿತು’ ಎನ್ನುವ ಬದಲು ‘ಅವನ ಸ್ಪರ್ಶಕ್ಕೆ ಹೊಸದೊಂದು ಸುದ್ದಿ ಸಿಕ್ಕಿತು’ ಎಂದು ಬರೆಯಬೇಕು. ಹುಟ್ಟಿನಿಂದ ಬಣ್ಣ ಕಾಣದ ನೀಲ್ ಹಾರ್ಬಿಸನ್ 2004ರಲ್ಲಿ ತಲೆಗೆ ಹಾಕಿಸಿಕೊಂಡ ಆಂಟೆನಾ ಕೂಡ ಬಣ್ಣವನ್ನು ಸ್ವರವಾಗಿಸಿ ಮೂಳೆಯ ಮೂಲಕ ಒಳಕಿವಿಗೆ ಮುಟ್ಟಿಸುತ್ತದೆ. ಅಲ್ಲಿ ದುಡಿಯುವುದು ಶ್ರವಣ. ಬ್ರಿಟನ್ನಿನ ಕೆವಿನ್ ವಾರ್ವಿಕ್ 1998ರಲ್ಲಿ ತೋಳಿಗೆ ಹಾಕಿಸಿಕೊಂಡ ಚಿಪ್ ಅನ್ನು ನೀವು ‘ಶಾಶ್ವತವಾದ ಹೊಸ ಇಂದ್ರಿಯ’ ಎಂದಿದ್ದೀರಿ. ಅದು ಅವರ ತೋಳಿನಲ್ಲಿದ್ದದ್ದು ಒಂಬತ್ತು ದಿನ. ಬಾಗಿಲು ತೆರೆಸಿತು, ದೀಪ ಹೊತ್ತಿಸಿತು, ಅವರಿಗೆ ಯಾವ ಅನುಭವವನ್ನೂ ಕೊಡಲಿಲ್ಲ. ನೀವು ಒಂದೇ ಸಾಲಿನಲ್ಲಿ ದಾಟಿಹೋದ 2002ರ ಪ್ರಯೋಗವೇ ನಿಮ್ಮ ವಿಷಯಕ್ಕೆ ಹತ್ತಿರವಾದದ್ದು. ಆಗ ನೂರು ವಿದ್ಯುದ್ವಾರಗಳನ್ನು ಅವರ ತೋಳಿನ ನರಕ್ಕೆ ನೇರವಾಗಿ ಕೂರಿಸಲಾಗಿತ್ತು. ಶ್ರವಣಾತೀತ ಧ್ವನಿಯಿಂದ ಅಳೆದ ದೂರವು ಚರ್ಮದ ಹಂಗಿಲ್ಲದೆ ನರಕ್ಕೆ ತಲುಪುತ್ತಿತ್ತು.

ಹಾಗಾದರೆ ಎರವಲು ಸಂಕೇತ ಎಂದಿಗೂ ಇಂದ್ರಿಯವಾಗುವುದಿಲ್ಲವೇ? ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಇದು, ಆದರೆ ಕೇಳಿಲ್ಲ. ಪಾಲ್ ಬಾಕ್-ಇ-ರೀಟಾ 1969ರಲ್ಲಿ ಅಂಧರನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾದ ಚಿತ್ರವನ್ನು ಬೆನ್ನಿಗೆ ತಾಗುವ 400 ಅದುರುವ ಬಿಂದುಗಳಾಗಿ ಮಾರ್ಪಡಿಸಿ ಕೊಟ್ಟರು. ಕ್ಯಾಮೆರಾವನ್ನು ಬೇರೆಯವರು ಆಡಿಸುತ್ತಿದ್ದಾಗ ಕುಳಿತವರಿಗೆ ತಿಳಿಯುತ್ತಿದ್ದದ್ದು ಬೆನ್ನಿನ ಮೇಲಿನ ಕಚಗುಳಿ ಮಾತ್ರ. ಅದನ್ನು ತಾವೇ ಆಡಿಸುತ್ತ ಅಭ್ಯಾಸವಾದ ಮೇಲೆ ವಸ್ತು ತಮ್ಮ ಎದುರಿಗಿದೆ ಎಂದೇ ಅನ್ನಿಸತೊಡಗಿತು. ಜರ್ಮನಿಯ ಓಸ್ನಾಬ್ರುಕ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವಾಗಲೂ ಉತ್ತರ ದಿಕ್ಕಿನ ಕಡೆಗೇ ಅದುರುವ ಸೊಂಟಪಟ್ಟಿಯನ್ನು ಆರು ವಾರ ಕಟ್ಟಿಕೊಂಡವರಲ್ಲಿ ಕೆಲವರು, ಕ್ರಮೇಣ ಅದುರಾಟದ ಪರಿವೆಯೇ ಹೋಗಿ ಊರಿನ ನಕ್ಷೆಯೇ ಮೈಗೆ ಹತ್ತಿದಂತಾಯಿತು ಎಂದರು. ಚಾಕು ಬ್ಲೇಡುಗಳಿಲ್ಲದೆ, ಒಂದು ಪಟ್ಟಿಯಿಂದ ಇಷ್ಟು ಸಾಧ್ಯವಾದರೆ ಒಳಗೆ ಹುಗಿಯುವ ಅಗತ್ಯವೇನು ಎಂಬ ಪ್ರಶ್ನೆಯನ್ನು ನಿಮ್ಮ ಲೇಖನ ಎದುರಿಸಲೇಬೇಕು.

ಮೊದಲರ್ಧದ ಬಗ್ಗೆ ನನ್ನ ತಕರಾರು ಬೇರೆ. ಮಾಹಿತಿ ಬಹುಮಟ್ಟಿಗೆ ಸರಿಯಾಗಿದೆ, ಆದರೆ ಅದರೊಳಗೆ ಮನುಷ್ಯರೇ ಇಲ್ಲ. ‘ಪ್ರೊಪ್ರಿಯೋಸೆಪ್ಷನ್’ ಎಂಬ ಶಬ್ದವನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ಬಳಸಿದ್ದೀರಿ. ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಬಳಕೆಗೆ ತಂದ ಪದವಿದು ಎಂದು ಒಮ್ಮೆ ಹೇಳಿ, ಆಮೇಲೆ ‘ಅಂಗಗಳ ಇರವಿನ ಅರಿವು’ ಎಂದೋ ಇನ್ನೂ ಸರಳವಾಗಿಯೋ ಬರೆದರೆ ಸಾಕು. ಸ್ನಾಯುಗಳೊಳಗಿನ ಸಂವೇದಕಗಳು ತಮ್ಮ ಹಿಗ್ಗುವಿಕೆಯನ್ನು ಕ್ಷಣಕ್ಷಣಕ್ಕೂ ವರದಿ ಮಾಡುತ್ತವೆ ಎಂಬ ನಿಮ್ಮ ವಾಕ್ಯ ತಪ್ಪಲ್ಲ. ಆದರೆ ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಅಡಿಕೆ ಮರದ ತುದಿಯಿಂದ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ಹಾಯುವುದನ್ನು ಕಂಡವರಿಗೆ ಆ ವಾಕ್ಯದಲ್ಲಿ ಏನೂ ಕಾಣುವುದಿಲ್ಲ. ಅವನ ಕಣ್ಣು ಮುಂದಿನ ಮರದ ಮೇಲೆ ಇರುತ್ತದೆ, ಪಾದಗಳನ್ನು ಅವನು ನೋಡುವುದೇ ಇಲ್ಲ, ಆದರೂ ಅವು ಎಲ್ಲಿವೆ ಎಂಬುದು ಅವನಿಗೆ ಗೊತ್ತು. ಇದಕ್ಕೆ ಪ್ರತಿಯಾಗಿ ಇಯಾನ್ ವಾಟರ್‌ಮನ್ ಎಂಬ ಬ್ರಿಟಿಷ್ ತರುಣನನ್ನು ನಿಲ್ಲಿಸಿ. 1971ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರ ಬಂದು ಹೋದ ಮೇಲೆ ಅವರಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ ಈ ಅರಿವೂ ಇಲ್ಲವಾದವು. ಸ್ನಾಯುಗಳಲ್ಲಿ ಶಕ್ತಿ ಇದ್ದೇ ಇತ್ತು. ಪ್ರತಿಯೊಂದು ಹೆಜ್ಜೆಯನ್ನೂ ಕಣ್ಣಿನಿಂದ ನೋಡಿ ನೋಡಿಯೇ ಅವರು ಮತ್ತೆ ನಡೆಯಲು ಕಲಿಯಬೇಕಾಯಿತು, ಬೆಳಕು ಹೋದರೆ ಕುಸಿದು ಬೀಳುತ್ತಿದ್ದರು.

ಖಾರದ ವಿಷಯದಲ್ಲಿ ಒಂದು ತಿದ್ದುಪಡಿ. ಸೂಜಿಮೆಣಸಿನ ಖಾರವನ್ನು ನೀವು ರುಚಿಗಳ ಪಟ್ಟಿಯಲ್ಲಿ ಸೇರಿಸಿದ್ದೀರಿ. ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಗುರುತಿಸಿದ, 2021ರ ನೊಬೆಲ್ ಪ್ರಶಸ್ತಿಗೆ ಕಾರಣವಾದ ಟಿಆರ್‌ಪಿವಿ1 ಎಂಬ ಸಂವೇದಕ, ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ಒಂದೇ ಬಗೆಯಾಗಿ ತೆರೆದುಕೊಳ್ಳುತ್ತದೆ. ನಮ್ಮ ಕಾಳುಮೆಣಸಿನ ಖಾರವೂ ಅದೇ ಬಾಗಿಲನ್ನು ತಟ್ಟುತ್ತದೆ. ‘ಬಾಯಿ ಉರಿಯಿತು’ ಎಂದು ನಮ್ಮವರು ಹೇಳುವುದು ಅಲಂಕಾರದ ಮಾತೇನಲ್ಲ.

ಉಸಿರಿನ ಪ್ಯಾರಾ ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ತೆಗೆಯಲು ಬಂಡೆಯ ಬುಡಕ್ಕೆ ಮುಳುಗುವವರಿಗೆ ಮೇಲೆ ಬರಬೇಕೆನ್ನುವ ತಹತಹ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದರಿಂದ, ಆಮ್ಲಜನಕ ಇಳಿದದ್ದರಿಂದ ಅಲ್ಲ. ಮುಳುಗುವ ಮೊದಲು ಜೋರಾಗಿ ಉಸಿರಾಡಿ ಆ ಡೈಆಕ್ಸೈಡನ್ನು ತಗ್ಗಿಸಿಕೊಂಡವರು ತಹತಹವೇ ಕಾಣದೆ ನೀರಿನೊಳಗೆ ಎಚ್ಚರ ತಪ್ಪಬಹುದು. ಕರಾವಳಿಯ ಓದುಗರಿಗಾಗಿ ಬರೆಯುವ ನೀವು ಇದನ್ನು ಬಿಟ್ಟದ್ದು ನನಗೆ ಆಶ್ಚರ್ಯ.

ಇನ್ನೆರಡು ವಾಕ್ಯಗಳನ್ನು ಸಡಿಲಿಸಬೇಕು. ಮನುಷ್ಯರಿಗೂ ಭೂಕಾಂತತ್ವ ತಿಳಿಯುತ್ತದೆಂದು ವಿಜ್ಞಾನಿಗಳು ‘ಸಾಬೀತುಪಡಿಸಿದ್ದಾರೆ’ ಎಂದಿದ್ದೀರಿ. 2019ರಲ್ಲಿ ಜೋಸೆಫ್ ಕಿರ್ಶ್‌ವಿಂಕ್ ಮತ್ತು ಸಂಗಡಿಗರು ಕಂಡದ್ದು, ಕೃತಕ ಕಾಂತಕ್ಷೇತ್ರವನ್ನು ತಿರುಗಿಸಿದಾಗ ಕೆಲವರ ಮಿದುಳಿನ ಆಲ್ಫಾ ಅಲೆಗಳು ತಗ್ಗಿದವು ಎಂಬುದನ್ನು. ಕುಳಿತವರಿಗೆ ಏನೂ ಅನುಭವಕ್ಕೆ ಬಂದಿರಲಿಲ್ಲ. ದೇವಬಾಗದ ಕಡಲಾಮೆಗಳನ್ನು ಇದೇ ಉಸಿರಿನಲ್ಲಿ ತಂದಿದ್ದೀರಿ. ಆದರೆ ಕಾಂತಕ್ಷೇತ್ರದ ಹೆಸರಾಂತ ಪ್ರಯೋಗಗಳು ನಡೆದದ್ದು ಲಾಗರ್‌ಹೆಡ್ ಎಂಬ ಜಾತಿಯ ಮೇಲೆ, ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವುದು ಆಲಿವ್ ರಿಡ್ಲೆ.

ಕೊನೆಯ ಎರಡು ಪುಟಗಳನ್ನು ಯಾವ ತಿದ್ದುಪಡಿಯೊಂದಿಗೂ ಅಚ್ಚು ಮಾಡುವುದಿಲ್ಲ. ಬ್ಲೇಡಿನಿಂದ ಬೆರಳು ಸೀಳಿ ಅಯಸ್ಕಾಂತ ಸೇರಿಸುವ ಕ್ರಮವನ್ನು ಅಡುಗೆಯ ಪಾಕದಂತೆ ಬರೆದಿದ್ದೀರಿ. ಮೇಲಿನ ಲೇಪ ಬಿರಿದರೆ ನಿಯೋಡಿಮಿಯಂ ದೇಹದ ದ್ರವದಲ್ಲಿ ತುಕ್ಕು ಹಿಡಿಯುತ್ತದೆ, ಚೂರಾಗುತ್ತದೆ; ಮುಂದೊಮ್ಮೆ ಅಪಘಾತವಾಗಿ ಎಂಆರ್‌ಐ ಮಾಡಬೇಕಾಗಿ ಬಂದರೆ ಆ ಬೆರಳು ದೊಡ್ಡ ತೊಡಕಾಗುತ್ತದೆ. ಇಷ್ಟು ಹೇಳಿದ ಮೇಲೆಯೂ ಬೆರಳು ನಿಮ್ಮದು, ನಿರ್ಧಾರ ನಿಮ್ಮದು; ಪತ್ರಿಕೆಯ ಪುಟ ಮಾತ್ರ ನನ್ನ ಹೊಣೆ.

ಇಂಪ್ಲಾಂಟ್‌ಗಳ ಬಗ್ಗೆ ಬರೆಯುವಾಗ, ನಮ್ಮ ನಡುವೆಯೇ ಓಡಾಡುತ್ತಿರುವ ಮಕ್ಕಳ ಕಿವಿಯ ಹಿಂದಿನ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣಸಾಧನ ನಿಮ್ಮ ಕಣ್ಣಿಗೆ ಬೀಳಲಿಲ್ಲವೇ? ಒಳಕಿವಿಯಲ್ಲಿ ಧ್ವನಿಯನ್ನು ಹಿಡಿಯುವ ಸುಮಾರು 3,500 ಒಳಕೂದಲ ಕೋಶಗಳು ಮಾಡುವ ಕೆಲಸವನ್ನು ಇಪ್ಪತ್ತೆರಡರಷ್ಟು ವಿದ್ಯುದ್ವಾರಗಳಿಂದ ಮಾಡಿಸುವ, ಶಸ್ತ್ರಚಿಕಿತ್ಸೆಯ ನಂತರ ಮಾತು ಕೇಳುವುದನ್ನು ತಿಂಗಳುಗಟ್ಟಲೆ ಕಲಿಸಬೇಕಾಗುವ ಆ ಸಾಧನದ ಕುರಿತು ವಿಚಾರಿಸಲು ನೀವು ವಿದೇಶಕ್ಕೆ ಹೋಗಬೇಕಾಗಿಲ್ಲ; ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹಾಗೆಯೇ ಆರ್ಗಸ್ 2 ಎಂಬ ಕೃತಕ ಅಕ್ಷಿಪಟಲದ ಕಥೆಯನ್ನೂ ಸೇರಿಸಿ. 60 ವಿದ್ಯುದ್ವಾರಗಳ ಆ ಸಾಧನಕ್ಕೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು, 2019ರಲ್ಲಿ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಕಣ್ಣೊಳಗೆ ಅದನ್ನು ಇಟ್ಟುಕೊಂಡವರು ರಿಪೇರಿಗೆ ದಿಕ್ಕಿಲ್ಲದೆ ಉಳಿದರು. ಇಂದ್ರಿಯಗಳನ್ನು ಕೊಂಡು ತರುವ ಕಾಲದ ಬಗ್ಗೆ ಹಿಗ್ಗಿ ಬರೆದ ನೀವು, ಮಾರಿದವನು ಅಂಗಡಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ಬರೆಯಬೇಕಲ್ಲವೇ?

ಈಗ ಹನ್ನೊಂದನೆಯ ಪುಟಕ್ಕೆ ಬರುತ್ತೇನೆ. ಮೋಡ ಕವಿದ ರಾತ್ರಿ, ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ, ದೋಣಿಯ ತಳದಲ್ಲಿ ಕಂಬಳಿ ಹೊದ್ದು ಮಲಗಿದ್ದ ನಿಮ್ಮ ಚಿಕ್ಕಪ್ಪ ಕಣ್ಣು ತೆರೆಯದೆಯೇ ‘ದೋಣಿ ತಿರುಗಿತು’ ಎಂದರು. ಎದ್ದು ನೋಡಿದರೆ ತೀರದ ದೀಪಗಳು ನಿಜವಾಗಿಯೂ ಬೇರೆ ಪಕ್ಕಕ್ಕೆ ಬಂದಿದ್ದವು. ನೀವು ಇದನ್ನು ‘ವಿವರಿಸಲಾಗದ ಆರನೆಯ ಇಂದ್ರಿಯ’ ಎಂದು ಕರೆದು ಮುಂದೆ ಹೋಗಿದ್ದೀರಿ. ವಿವರಿಸಲು ಪ್ರಯತ್ನಿಸಿ. ಒಳಕಿವಿಯ ಮೂರು ಅರ್ಧವರ್ತುಲ ನಾಳಗಳು ತಲೆ ತಿರುಗಿದ್ದನ್ನು ತಿಳಿಯುವುದು, ಒಳಗಿನ ದ್ರವ ಹಿಂದೆ ಉಳಿದು ಅಲ್ಲಿನ ಕೂದಲ ಕೋಶಗಳನ್ನು ಬಾಗಿಸುವುದರಿಂದ. ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ದ್ರವವೂ ಜತೆಗೂಡುತ್ತದೆ, ಅರಿವು ಅಳಿಯುತ್ತದೆ. ಥಟ್ಟನೆ ನಿಂತಾಗ ದ್ರವ ಮಾತ್ರ ಮುಂದುವರಿದು, ಲೋಕ ತಿರುಗಿದಂತೆ ಕಾಣುತ್ತದೆ. ಯಕ್ಷಗಾನದ ಮಂಡಿ ಕುಣಿತವನ್ನು ಅನುಕರಿಸಿ ಬಿದ್ದ ಎಲ್ಲ ಮಕ್ಕಳಿಗೂ ಇದು ಗೊತ್ತು. ಎರಡು ವರ್ಷದ ಹಿಂದೆ, ಆ ಕಿವಿಯೊಳಗಿನ ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ನಾಳದೊಳಗೆ ಜಾರಿದ್ದರಿಂದ, ಮಗ್ಗುಲು ಬದಲಿಸಿದಾಗಲೆಲ್ಲ ನನಗೆ ಮನೆಯ ತೊಲೆಗಳೇ ತಿರುಗುತ್ತಿದ್ದವು; ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಹಿಂದಕ್ಕೆ ಕಳುಹಿಸಿದರು. ಅಲ್ಲಿಯವರೆಗೆ ನನಗೆ ಅಂಥ ಇಂದ್ರಿಯವೊಂದು ಇದೆಯೆಂಬುದೇ ನೆನಪಿರಲಿಲ್ಲ.

ಆದರೆ ಗಾಳಿಗೆ ದೋಣಿ ತಿರುಗುವುದು ಅತಿ ನಿಧಾನವಾಗಿ, ಅಷ್ಟು ನಿಧಾನದ ತಿರುವು ಆ ನಾಳಗಳಿಗೆ ಸಿಕ್ಕುವಂಥದ್ದಲ್ಲ. ಹಾಗಿದ್ದರೆ ಚಿಕ್ಕಪ್ಪನಿಗೆ ತಿಳಿದದ್ದು ಹೇಗೆ? ನನ್ನ ಊಹೆ ಇಷ್ಟು: ಮೊದಲು ಅಲೆ ಮುಂಭಾಗಕ್ಕೆ ಬಡಿದು ಅವರ ತಲೆಯೂ ಕಾಲೂ ಸರದಿಯಲ್ಲಿ ಏಳುತ್ತಿದ್ದವು, ತಿರುಗಿದ ಮೇಲೆ ಅಲೆ ಅಡ್ಡ ಬಂದು ಎಡಬಲಕ್ಕೆ ತೂಗಾಟ ಶುರುವಾಯಿತು, ಈ ಬದಲಾವಣೆಯನ್ನು ಒಳಕಿವಿಯೂ ಬೆನ್ನಿನ ಚರ್ಮವೂ ಕೂಡಿ ಹಿಡಿದವು. ಹಲಗೆಗೆ ನೀರು ತಾಗುವ ಸದ್ದು ಬದಲಾಗಿರಲೂ ಸಾಕು. ಇದು ಘಟ್ಟದ ಮೇಲೆ ಕುಳಿತವನ ಊಹೆ, ಪರೀಕ್ಷಿಸಬೇಕಾದವರು ನೀವು.

ಲೇಖನವನ್ನು ಇಲ್ಲಿಂದ ಆರಂಭಿಸಿ, ಎಂಟು ಪುಟಗಳಿಗೆ ಇಳಿಸಿ, ಯುಗಾದಿಯ ಒಳಗೆ ಕಳುಹಿಸಿದರೆ ಮತ್ತೆ ಓದುತ್ತೇನೆ. ಅದಕ್ಕೂ ಮೊದಲು ಒಂದು ರಾತ್ರಿ ಚಿಕ್ಕಪ್ಪನ ಜತೆ ಕಡಲಿಗೆ ಹೋಗಿ ಬನ್ನಿ, ಅಲೆಯೇ ಏಳದೆ ನೀರು ಸಪಾಟಾಗಿರುವ ರಾತ್ರಿಗಳಲ್ಲಿಯೂ ದೋಣಿ ತಿರುಗಿದ್ದು ಅವರಿಗೆ ತಿಳಿಯುತ್ತದೆಯೇ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ.

ಇಂತಿ,
ಸಂಪಾದಕ
ಶಿರಸಿ