ಶಿರಸಿಯಲ್ಲಿದ್ದುಕೊಂಡು ವಾರ್‌ಹ್ಯಾಮರ್ 40,000 (ಪುಟ್ಟ ಪ್ಲಾಸ್ಟಿಕ್ ಬೊಂಬೆಗಳನ್ನು ಜೋಡಿಸಿ, ಬಣ್ಣ ಹಚ್ಚಿ, ದಾಳ ಹಾಕಿ ಆಡೋ ಯುದ್ಧದ ಆಟ) ಶುರು ಮಾಡೋದಾದರೆ ಚಿಕ್ಕ ಇಂಟ್ರೊಡಕ್ಟರಿ ಸೆಟ್ ಸಾಕೋ, ದೊಡ್ಡ ಬಾಕ್ಸೇ ತಗೊಳ್ಳಲೋ?

ಚಿಕ್ಕದೇ ತಗೊಳ್ಳಿ. ಆದರೆ ನಮ್ಮ ಜಿಲ್ಲೆಯಲ್ಲಿ ಬಾಕ್ಸ್ ಯಾವುದು ಅನ್ನೋದಕ್ಕಿಂತ ಬಣ್ಣಕ್ಕೆ ಯಾವ ತಿಂಗಳಲ್ಲಿ ಕೈ ಹಾಕ್ತೀರಿ ಅನ್ನೋದೇ ದೊಡ್ಡ ಪ್ರಶ್ನೆ.

ನಾನು ಕಾರವಾರದಲ್ಲಿ ಶುರು ಮಾಡಿದ್ದು ಜುಲೈನಲ್ಲಿ. ಮಳೆ ಒಂದು ತಾಸು ಬಿಟ್ಟಿತ್ತು, ಜಗಲಿಗೆ ಬಿಸಿಲೂ ಬಿದ್ದಿತ್ತು. ಐದೂ ಸ್ಪೇಸ್ ಮರೀನ್‌ಗಳನ್ನು (ಕವಚ ತೊಟ್ಟ ಸೈನಿಕರ ಬೊಂಬೆಗಳು) ರಟ್ಟಿನ ಮೇಲೆ ನಿಲ್ಲಿಸಿ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚೋ ಅಡಿಬಣ್ಣ, ಸ್ಪ್ರೇ ಹೊಡೆದೆ. ಒಣಗಿದಾಗ ಮೈಯೆಲ್ಲ ಪಾಲಿಶ್ ಪೇಪರಿನ ಹಾಗೆ ತರಿತರಿ. ಕಾರಣ ಇಷ್ಟೇ: ಸ್ಪ್ರೇಯಲ್ಲಿರುವ ದ್ರಾವಕ ಥಟ್ಟನೆ ಆರುತ್ತೆ, ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಹಸಿ ಬಣ್ಣದ ಮೇಲೇ ಕೂರುತ್ತೆ. ಮಳೆ ನಿಂತರೂ ತೇವ ಹೋಗಿರಲ್ಲ. ಅದನ್ನು ಮುಚ್ಚೋಕೆ ಇನ್ನೊಂದು ಕೋಟ್ ಹೊಡೆದದ್ದು ಅದಕ್ಕಿಂತ ದೊಡ್ಡ ತಪ್ಪು. ಹೆಲ್ಮೆಟ್ಟಿನ ಕಣ್ಣಿನ ಗೆರೆಗಳೇ ಹೂತುಹೋದವು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕೆಲವು ತಾಸು ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿದ ಮೇಲೆ ಬಿಟ್ಟಿತು. ಥಿನ್ನರ್, ಅಸಿಟೋನ್ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ಕೇ ಕರಗುತ್ತೆ. ಬೇಗ ಒಣಗಲಿ ಅಂತ ಬಚ್ಚಲ ಒಲೆ ಹತ್ತಿರ ಇಟ್ಟರೆ ಕತ್ತಿ, ಕೋವಿಯೆಲ್ಲ ಬಾಗುತ್ತೆ.

ಹಾಗಾಗಿ ಸ್ಪ್ರೇ ಡಬ್ಬಿಯನ್ನು ಪಟ್ಟಿಯಿಂದಲೇ ತೆಗೀರಿ. ಕುಂಚದಲ್ಲಿ ಹಚ್ಚೋ ನೀರು ಆಧಾರಿತ ಪ್ರೈಮರ್ ತರಿಸಿ, ತೆಳುವಾಗಿ ಎರಡು ಕೋಟ್ ಹಚ್ಚಿ, ಒಂದು ದಿನ ಬಿಡಿ. ಸ್ಪ್ರೇಯೇ ಬೇಕಂದ್ರೆ ಅಂಗಳದಲ್ಲಿ ಅಡಿಕೆ ಒಣಗೋ ಬಿಸಿಲು ಬರೋ ತನಕ ಕಾಯಿರಿ. ಆಗ ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ, 20–30 ಸೆಂ.ಮೀ. ದೂರದಿಂದ ಸರ್‌ ಅಂತ ಸವರಿ.

2023ರಲ್ಲಿ ಬಂದ 10ನೇ ಆವೃತ್ತಿಯ ಇಂಟ್ರೊಡಕ್ಟರಿ ಸೆಟ್‌ನಲ್ಲಿ 5 ಇನ್‌ಫರ್ನಸ್ ಮರೀನ್, ಅವರ ಎದುರಾಳಿಗಳಾದ ಅನ್ಯಗ್ರಹದ ಜೀವಿಗಳು (10 ಟರ್ಮಗಾಂಟ್, 1 ರಿಪ್ಪರ್ ಗುಂಪು), ಜೊತೆಗೆ ಬಣ್ಣ, ಕುಂಚ, ಕಟರ್ ಇವೆ. ಹದಿನಾರನ್ನು ಚೆನ್ನಾಗಿ ಮುಗಿಸೋದೇ ಮೊದಲ ಸಲಕ್ಕೆ ಸಾಕಷ್ಟು ಕೆಲಸ. ದೊಡ್ಡ ಬಾಕ್ಸ್ ಅರ್ಧಕ್ಕೆ ನಿಲ್ಲುತ್ತೆ. ಬಿಡಿಭಾಗಗಳು ಒತ್ತಿದರೆ ಕೂರುತ್ತವೆ, ಅಂಟು ಬೇಡ. ಅವು ಅಂಟಿಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸುವಾಗ ಮೊದಲು ಎರಡು ಮಿ.ಮೀ. ದೂರದಲ್ಲಿ ಕತ್ತರಿಸಿ, ಆಮೇಲೆ ಅಂಚಿಗೆ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತು ಗುಳಿ ಬೀಳುತ್ತೆ. ಜೋಡಿಸಿ ಮುಗಿಸಿದ ಮೇಲೇ ಪ್ರೈಮರ್. ತೂತಿನೊಳಗೆ ಬಣ್ಣ ಹೋದರೆ ಗೂಟ ಕೂರಲ್ಲ.

ಬಣ್ಣ ಮುಗಿಯೋ ತನಕ ಆಟಕ್ಕೆ ಕಾಯಬೇಡಿ. ದರ್ಜಿ ಟೇಪಿನ ಇಂಚಿನ ಬದಿ ಸಾಕು, ಎರಡೂ ಕಡೆಯವರ ನಡಿಗೆ 6 ಇಂಚು. ಮರೀನ್‌ಗಳ ಬೆಂಕಿಕೋವಿಗೆ ಏಟು ತಾಗಿತೋ ಇಲ್ಲವೋ ಅಂತ ನೋಡೋ ದಾಳ ಬೇಡ, ತಾನಾಗೇ ತಾಗುತ್ತೆ. ಅದರ ಬಲ 5, ಟರ್ಮಗಾಂಟ್‌ನ ಗಟ್ಟಿತನ 3, ಬಲ ಹೆಚ್ಚಿರೋದರಿಂದ ಗಾಯವಾಗೋಕೆ ದಾಳದಲ್ಲಿ 3 ಅಥವಾ ಹೆಚ್ಚು ಬೀಳಬೇಕು. ಬಲ ಗಟ್ಟಿತನದ ದುಪ್ಪಟ್ಟು ಅಥವಾ ಅದಕ್ಕೂ ಹೆಚ್ಚಿದ್ದರೆ 2 ಅಥವಾ ಹೆಚ್ಚು ಸಾಕು, ಸಮ ಇದ್ದರೆ 4 ಅಥವಾ ಹೆಚ್ಚು, ಕಡಿಮೆ ಇದ್ದರೆ 5 ಅಥವಾ ಹೆಚ್ಚು, ಅರ್ಧ ಅಥವಾ ಅದಕ್ಕೂ ಕಡಿಮೆ ಇದ್ದರೆ 6. ಇದೊಂದನ್ನು ಚೀಟಿಯಲ್ಲಿ ಬರೆದು ಟೇಬಲ್ ಮೇಲಿಡಿ, ಮೊದಲ ಆಟದಲ್ಲಿ ಪುಸ್ತಕ ತೆಗೆಯೋ ಕೆಲಸ ಬಹಳ ತಪ್ಪುತ್ತೆ.