ಊರು ಕಟ್ಟಿ ಬೆಳೆಸುವ ಫ್ಯಾಂಟಸಿ ಗೇಮ್‌ನಲ್ಲಿ ಮಂತ್ರಶಕ್ತಿ ಹೇಗೆ ಕೆಲಸ ಮಾಡಬೇಕು?

ಆ ಲೋಕದಲ್ಲಿ ಮೊದಲೇ ಇರುವುದನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವಷ್ಟೇ ಅಧಿಕಾರ ಮಂತ್ರಕ್ಕಿರಬೇಕು. ಸಿಮ್ಯುಲೇಶನ್, ಅಂದರೆ ನಿಜ ಬದುಕನ್ನು ಅನುಕರಿಸುವ ಇಂಥ ಆಟ, ನಡೆಯುವುದೇ ಲೆಕ್ಕದ ಮೇಲೆ: ನೀರು, ಕಾಳು, ದುಡಿಮೆ ಒಂದಕ್ಕೊಂದು ತಳುಕು ಹಾಕಿಕೊಂಡಿರುತ್ತವೆ. ಪುಕ್ಕಟೆ ಮಳೆ ಸಿಕ್ಕರೆ ಆಟಗಾರ ಬಾವಿ ಯಾಕೆ ತೋಡಿಸ್ತಾನೆ?

ನಮ್ಮ ವಿಜಯಪುರದ ಎರಿ (ಕಪ್ಪು ಮಣ್ಣಿನ) ಭೂಮಿಯನ್ನೇ ನಕಾಶೆ ಮಾಡಿಕೊಳ್ಳಿ. ಹಿಂಗಾರಿ ಬಿಳಿಜೋಳ ಬೆಳೆಯುವುದು ಹೆಚ್ಚಾಗಿ ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟ ಹಸಿಯ ಮೇಲೆ. ಮಂತ್ರವಾದಿ ಒಂದು ಹೊಲಕ್ಕೆ ಹಸಿ ತಂದರೆ, ಅಷ್ಟೇ ಹಸಿ ಪಕ್ಕದ ಹೊಲದಲ್ಲಿ ಇಳಿಯಬೇಕು. ಅಲ್ಲಿ ತೆನೆ ಜೊಳ್ಳಾಗುತ್ತದೆ, ಕಣಜ ಖಾಲಿ ಉಳಿಯುತ್ತದೆ, ಹೊಲದ ಒಡೆಯ ಪಂಚಾಯ್ತಿ ಕೂಡಿಸುತ್ತಾನೆ. ಸುಮ್ಮನೆ ಕೂತರೂ ತುಂಬಿಕೊಳ್ಳುವ ‘ಮಾನಾ’, ಅಂದರೆ ಮಂತ್ರಶಕ್ತಿಯ ಮೀಟರ್, ಹೊಡೆದಾಟದ ಗೇಮ್‌ಗೆ ನಡೆದೀತು. ಇಲ್ಲಿ ಅದರ ಖರ್ಚು ಯಾರ ಕಣಜಕ್ಕೂ ತಟ್ಟುವುದಿಲ್ಲ.