ಟಿಶೊಮಿಂಗೊ ಕಡೆ ಹೋದರೆ ಗಾಡಿ ನಿಲ್ಲಿಸಿ ಓದಿ

ಅಮೆರಿಕದ ಒಕ್ಲಹೋಮದ ಅಡಾ ಊರಿಗೆ ಈಗಷ್ಟೇ ಬಂದಿದ್ದೇವೆ, ದಿನಸಿ ಎಲ್ಲಿ ಸಿಗುತ್ತದೆ, ಜನ ಹೇಗೆ, ರಸ್ತೆ ಪಕ್ಕದ ಬೋರ್ಡು ಬಿಟ್ಟರೆ ನೋಡುವುದಕ್ಕೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ನಮ್ಮ ಕಡೆಯ ದಿನಸಿಗೆ ಒಕ್ಲಹೋಮ ಸಿಟಿ, ಒಂದೂವರೆ ಗಂಟೆ ದಾರಿ. ರಾಗಿ ಹಿಟ್ಟು ಸಿಕ್ಕಾಗ ಜಾಸ್ತಿ ತಂದಿಟ್ಟುಕೊಳ್ಳಿ. ಸುಂಟರಗಾಳಿ ಸೈರನ್ ಕೂಗಿದರೆ ಹೊರಗೆ ನಿಂತು ವಿಡಿಯೊ ಮಾಡಬೇಡಿ. ಜನ ಒಳ್ಳೆಯವರು.

ನೋಡುವುದಕ್ಕೆ ಆ ಬೋರ್ಡುಗಳೇ ಇವೆ, ಇಲ್ಲಿ ಹಿಂದೆ ಏನು ನಡೆಯಿತು ಅಂತ ಬರೆದು ನಿಲ್ಲಿಸಿದ ಹಲಗೆ, ಕಲ್ಲುಗಳು. ನಾನು ಬಂದ ಹೊಸತರಲ್ಲಿ ನನಗೂ ದನ, ತಂತಿಬೇಲಿ, ಮುಗಿಯದ ರಸ್ತೆ ಅಷ್ಟೇ ಕಂಡಿದ್ದು. ಆಮೇಲೆ ಫೋರ್ಟ್ ವಾಷಿಟಾದಲ್ಲಿ ನಿಲ್ಲಿಸಿ ಓದಿದೆ. 1842ರಲ್ಲಿ ಅಮೆರಿಕದ ಸೈನ್ಯ ಆ ಕೋಟೆ ಕಟ್ಟಿದ್ದು ಚಿಕಸಾ ಮತ್ತು ಚಾಕ್ಟಾ ಅನ್ನುವ ಅಮೆರಿಕದ ಮೂಲನಿವಾಸಿ ಜನರ ಕಾವಲಿಗೆ. ಕೊಮಾಂಚಿಗಳಂಥ ಬಯಲಿನ ಬುಡಕಟ್ಟುಗಳ ಭಯವಿತ್ತು. ಅಂದರೆ ಚಿಕಸಾ ಜನ ಇಲ್ಲಿಗೆ ಹೊಸಬರು! ಅವರ ಊರುಗಳಿದ್ದದ್ದು ಮಿಸಿಸಿಪ್ಪಿಯ ಟುಪೆಲೊ ಸುತ್ತಮುತ್ತ. 1832ರಲ್ಲಿ ಅಮೆರಿಕ ಸರ್ಕಾರದ ಜೊತೆ ಆದ ಪಾಂಟೊಟಾಕ್ ಒಪ್ಪಂದದಲ್ಲಿ ಆ ನೆಲ ಹೋಯಿತು. 1837ರಲ್ಲಿ ಚಾಕ್ಟಾಗಳಿಗೆ 5,30,000 ಡಾಲರ್ ಕೊಟ್ಟು ಇಲ್ಲಿ ಜಾಗ ಪಡೆದರು. ಹೊರದಬ್ಬಿಸಿಕೊಂಡು ಬರುವ ಖರ್ಚೂ ಅವರದೇ ದುಡ್ಡು.

ನಮ್ಮವರು ಸೇರಿದಾಗ 'ನಾವೂ ವಲಸೆ, ಅವರೂ ವಲಸೆ' ಅನ್ನುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ನಾವು ಇಷ್ಟಪಟ್ಟು ಬಂದವರು. ಹಾಸನದಲ್ಲೋ ಹಾವೇರಿಯಲ್ಲೋ ನಮಗೊಂದು ಮನೆ ಇದೆ, ಬೇಕಾದಾಗ ಟಿಕೆಟ್ ತೆಗೆಯಬಹುದು. ಅವರಿಗೆ ಆ ದಾರಿ ಇರಲಿಲ್ಲ. ಇದು ನನ್ನೊಳಗೆ ಇಳಿಯುವುದಕ್ಕೆ ವರ್ಷಗಳೇ ಬೇಕಾದವು.

ನಮ್ಮ ತಂದೆ ಶಾಲೆಯ ಮೇಷ್ಟ್ರು. ಶಾಸನದ ಕಲ್ಲಿಗೆ ಎಮ್ಮೆ ಕಟ್ಟಿದ್ದರೆ ಬಿಚ್ಚಿಸಿ ಓದುತ್ತಿದ್ದರು. ವೀಸಾ ಕೈಗೆ ಬರುವ ಮೊದಲೇ ತೀರಿಕೊಂಡರು. ಅವರಿಗೆ ಇದನ್ನು ತೋರಿಸಲಾಗಲಿಲ್ಲ ಅನ್ನುವ ಕೊರಗು ಹೋಗಿಲ್ಲ. ಬೋರ್ಡು ಕಂಡರೆ 'ಇದನ್ನು ಬರೆಸಿದ್ದು ಯಾರು?' ಅಂತ ಮೊದಲು ಕೇಳುತ್ತಿದ್ದರು. ನೀವೂ ಕೇಳಿ. ಚಿಕಸಾ ಸಿರಿವಂತರು ಇಲ್ಲಿಗೆ ಬರುವಾಗ ಸಾವಿರಕ್ಕೂ ಹೆಚ್ಚು ಕಪ್ಪು ಗುಲಾಮರನ್ನು ಕರೆತಂದಿದ್ದರು. ಬಿಡುಗಡೆಯಾದ ಮೇಲೂ ಆ ಜನರನ್ನು ತಮ್ಮ ಪ್ರಜೆಗಳೆಂದು ಸೇರಿಸಿಕೊಳ್ಳಲಿಲ್ಲ. ನಾನು ನಿಂತು ಓದಿದ ಕಲ್ಲುಗಳಲ್ಲಿ ಇದು ಸಿಗಲಿಲ್ಲ, ಪುಸ್ತಕದಲ್ಲಿ ಸಿಕ್ಕಿತು.

ಟಿಶೊಮಿಂಗೊ ಊರು ಚಿಕಸಾ ಜನರ ಹಳೆಯ ರಾಜಧಾನಿ. ಅವರ ಸರ್ಕಾರ ನಡೆಯುತ್ತಿದ್ದ 1898ರ ಗ್ರಾನೈಟ್ ಕಟ್ಟಡ ಇನ್ನೂ ಗಟ್ಟಿಯಾಗಿದೆ. 1907ರಲ್ಲಿ ಒಕ್ಲಹೋಮ ರಾಜ್ಯವಾದ ಮೇಲೆ ಅದು ಕೌಂಟಿ ಕೋರ್ಟಾಯಿತು, ಚಿಕಸಾ ಜನರ ಗವರ್ನರನ್ನು ವಾಷಿಂಗ್ಟನ್ನಿನಿಂದ ನೇಮಿಸತೊಡಗಿದರು. 1971ರಲ್ಲಿ ಮತ್ತೆ ತಾವೇ ಆರಿಸಿಕೊಂಡರು. ಕಟ್ಟಡವೂ ವಾಪಸ್ ಅವರ ಕೈಗೆ ಬಂದಿದೆ. ಈಗ ಅವರ ಸರ್ಕಾರ ನಡೆಯುವುದು ನಿಮ್ಮ ಅಡಾದಿಂದಲೇ. ಪಕ್ಕದ ಮನೆಯವರು ಚಿಕಸಾ ಇರಬಹುದು, ಅವರೆದುರು 'ಒಂದು ಕಾಲದಲ್ಲಿ ಇಲ್ಲಿದ್ದ ಜನ' ಅಂತ ಮಾತಾಡಬೇಡಿ.

ಹೆದ್ದಾರಿ 377 ಹಿಡಿದು ದಕ್ಷಿಣಕ್ಕೆ ಹೋಗಿ. ಕಲ್ಲು ಕಂಡ ತಕ್ಷಣ ಬ್ರೇಕ್ ಒತ್ತಬೇಡಿ, ಹಿಂದೆ ದನದ ಟ್ರೈಲರ್ ಎಳೆಯುವ ಪಿಕಪ್ ಇರುತ್ತದೆ. ಮುಂದೆ ಹೋಗಿ ತಿರುಗಿಸಿಕೊಂಡು ಬನ್ನಿ. ಹುಲ್ಲಿಗಿಳಿಯುವಾಗ ಹಾವು, ಉಣ್ಣೆ ಹುಳ ನೋಡಿಕೊಳ್ಳಿ. ಬುತ್ತಿ ಕಟ್ಟಿಕೊಳ್ಳಿ, ದಾರಿಯಲ್ಲಿ ಹೋಟೆಲು ಕಡಿಮೆ.